ನೆಟ್ ಇಲ್ಲದ ದಿನದ ಸರ್ವರ್: ಯಾವ ಎಡಿಟರ್, ಯಾವ ಪ್ಯಾಕೇಜ್

ಸರ್ವರ್‌ಗೆ ಆಪರೇಟಿಂಗ್ ಸಿಸ್ಟಂ ಹಾಕುವವರಿಗೆ ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದೇ: ಶುರುವಿನಲ್ಲಿ ಆದಷ್ಟು ಕಮ್ಮಿ ಪ್ಯಾಕೇಜ್ (ಕಟ್ಟಿ ಕೊಡುವ ಪ್ರೋಗ್ರಾಂಗಳು) ಹಾಕಿ, ಉಳಿದದ್ದನ್ನು ಬೇಕಾದಾಗ ಇಳಿಸಿಕೊಳ್ಳಿ. ಡೇಟಾ ಸೆಂಟರಿನಲ್ಲಿರುವ ಯಂತ್ರಕ್ಕೆ ಇದು ಸರಿಯಾದ ಮಾತು. ಕೊಡಗಿನ ನಾಪೋಕ್ಲು, ಭಾಗಮಂಡಲ, ಶನಿವಾರಸಂತೆ ಕಡೆಯ ಸಹಕಾರ ಸಂಘದ ಆಫೀಸಿನಲ್ಲೋ, ಕಾಫಿ ತೋಟದ ಲೆಕ್ಕದ ಕೋಣೆಯಲ್ಲೋ, ಶಾಲೆಯ ಲ್ಯಾಬಿನಲ್ಲೋ ಇರುವ ಯಂತ್ರಕ್ಕೆ ಆ ಮಾತಿನ ಮೊದಲರ್ಧ ಮಾತ್ರ ಹೊಂದುತ್ತದೆ. ಇಲ್ಲಿ ಸರ್ವರ್ ಕೆಡುವುದು ಹೆಚ್ಚಾಗಿ ಕರೆಂಟ್ ಹೋಗಿ ಬರುವ, ಸಿಡಿಲು ಹೊಡೆಯುವ, ಮರ ಬಿದ್ದು ಕೇಬಲ್ ಹರಿಯುವ ದಿನಗಳಲ್ಲೇ. ನೆಟ್ ಇಲ್ಲದಿರುವುದೂ ಅದೇ ದಿನಗಳಲ್ಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ರಸ್ತೆಯ ಜೊತೆಗೆ ಕರೆಂಟು, ಫೋನೂ ಹೋದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅಷ್ಟು ದೊಡ್ಡ ಅನಾಹುತ ಆಗದ ವರ್ಷದಲ್ಲೂ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡು ಮೂರು ದಿನ ಲೈನ್ ಇಲ್ಲದಿರುವುದು ಇಲ್ಲಿ ಯಾರಿಗೂ ಹೊಸದಲ್ಲ.

ಹಾಗಾಗಿ ಪ್ಯಾಕೇಜ್ ಪಟ್ಟಿ ಬರೆಯುವಾಗ ಸರ್ವರ್ ಮಾಡುವ ಕೆಲಸದ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಕೆಟ್ಟ ದಿನ ಅದರ ಮುಂದೆ ಕೂತಿರುವವರು ಯಾರು, ಅವರ ಕೈಗೆ ಏನು ಸಿಗಬೇಕು? ಮಳೆ ಹಿಡಿಯುವ ಮುಂಚೆ ಸೌದೆ, ಒಣಮೀನು ಕೂಡಿಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಬರೆದಿರುವುದೆಲ್ಲ ಡೆಬಿಯನ್ ಎಂಬ ಲಿನಕ್ಸ್‌ನ 12 ಮತ್ತು 13ನೇ ಆವೃತ್ತಿಗಳ ಲೆಕ್ಕದಲ್ಲಿ. ಉಬುಂಟು ಸರ್ವರ್‌ಗೂ ಬಹುಪಾಲು ಹೊಂದುತ್ತದೆ.

ಎಡಿಟರ್‌ನಿಂದಲೇ ಶುರು ಮಾಡಬೇಕು, ಯಾಕೆಂದರೆ ಯಾವ ರಿಪೇರಿಯೂ ಕೊನೆಗೆ ಎಡಿಟರ್‌ನಲ್ಲಿ ಒಂದು ಕಾನ್ಫಿಗ್ (ಸೆಟ್ಟಿಂಗ್) ಫೈಲ್ ತಿದ್ದುವುದಕ್ಕೇ ಬಂದು ನಿಲ್ಲುತ್ತದೆ. ನಾವು ಕೇಳದಿದ್ದರೂ ಎಡಿಟರ್ ತೆರೆದುಕೊಳ್ಳುವ ಜಾಗಗಳೂ ಹಲವು: ಕ್ರಾನ್‌ಟ್ಯಾಬ್ (ಹೊತ್ತಿಗೆ ಸರಿಯಾಗಿ ಓಡುವ ಕೆಲಸಗಳ ಪಟ್ಟಿ) ತಿದ್ದುವಾಗ, ಯಾರಿಗೆ ಅಡ್ಮಿನ್ ಅನುಮತಿ ಎಂದು ತಿದ್ದಲು ವಿಸುಡೊ ಓಡಿಸುವಾಗ, ಸೇವೆಯ ಸೆಟ್ಟಿಂಗ್ ಬದಲಿಸಲು ಸಿಸ್ಟಂಸಿಟಿಎಲ್ ಎಡಿಟ್ ಅಂದಾಗ, ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಕಮಿಟ್ ಮಾಡುವಾಗ. ಆ ಹೊತ್ತಿಗೆ ಪರದೆಯ ಮೇಲೆ ಯಾವ ಎಡಿಟರ್ ಬರುತ್ತದೆ ಅನ್ನುವುದನ್ನು ಸರ್ವರ್ ಕಟ್ಟುವವರು ಮೊದಲೇ ನಿರ್ಧರಿಸಿಟ್ಟಿರಬೇಕು.

ಡೆಬಿಯನ್‌ನ ಸಾಮಾನ್ಯ ಇನ್‌ಸ್ಟಾಲ್‌ನಲ್ಲಿ ಎರಡು ಎಡಿಟರ್ ಬರುತ್ತವೆ, ನ್ಯಾನೊ ಮತ್ತು ವಿಮ್-ಟೈನಿ. ತೊಂದರೆ ಇರುವುದು ಎರಡನೆಯದರಲ್ಲಿ. ಅದನ್ನು ವಿಐ ಎಂಬ ಹೆಸರಿನಿಂದ ಕರೆದಾಗ ಹಳೆಯ ವಿಐ ಹೇಗಿತ್ತೋ ಹಾಗೆಯೇ ನಡೆದುಕೊಳ್ಳುವ ಕಂಪ್ಯಾಟಿಬಲ್ ಮೋಡ್‌ನಲ್ಲಿ ಏಳುತ್ತದೆ. ಇನ್ಸರ್ಟ್ ಮೋಡ್‌ನಲ್ಲಿ ಬಾಣದ ಕೀ ಒತ್ತಿದರೆ ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳು ಫೈಲಿನೊಳಗೆ ಬೀಳುತ್ತವೆ. ಬ್ಯಾಕ್‌ಸ್ಪೇಸ್ ಕೂಡ ಅಂದುಕೊಂಡಂತೆ ಅಳಿಸುವುದಿಲ್ಲ. ಡಿಸ್ಕ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೀಗೆ ಒಂದು ಅಕ್ಷರ ಬಿದ್ದು ಸೇವ್ ಆದರೂ ಸಾಕು, ಮುಂದಿನ ಸಲ ಯಂತ್ರ ಎದ್ದಾಗ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲಬಹುದು. ವಿಮ್-ಟೈನಿಯಲ್ಲಿ ಸಹಾಯದ ಪುಟಗಳೂ ಇಲ್ಲ, ಸಿಂಟ್ಯಾಕ್ಸ್ ಬಣ್ಣವೂ ಇಲ್ಲ. ಪೂರ್ತಿ ವಿಮ್ ಪ್ಯಾಕೇಜ್ ಹಾಕಿದರೆ ವಿಐ ಎಂಬ ಹೆಸರು ತಾನಾಗಿಯೇ ಅದಕ್ಕೆ ಹೋಗುತ್ತದೆ, ಈ ಕಾಟ ತಪ್ಪುತ್ತದೆ. ಅದರ ಜೊತೆ ಬರುವ ವಿಮ್-ರನ್‌ಟೈಮ್ 30 ಎಂಬಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕಂಟೇನರ್ ಇಮೇಜ್‌ನಲ್ಲಿ ಅದು ದೊಡ್ಡ ಮೊತ್ತ. 256 ಜಿಬಿ ಎಸ್‌ಎಸ್‌ಡಿ ಇರುವ ಆಫೀಸ್ ಸರ್ವರ್‌ನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆದರೂ ಡೀಫಾಲ್ಟ್ ಆಗಿ ನ್ಯಾನೊ ಇರಲಿ ಎಂದೇ ನನ್ನ ಗಟ್ಟಿ ಅಭಿಪ್ರಾಯ. ಕಾರಣ, ಮಳೆಗಾಲದಲ್ಲಿ ಸರ್ವರ್ ಮುಂದೆ ಕೂರುವವರು ಅಡ್ಮಿನ್ ಆಗಿರುವುದಿಲ್ಲ. ಅಡ್ಮಿನ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಇಲ್ಲಿರುವುದು ಸಂಘದ ಗುಮಾಸ್ತರು ಅಥವಾ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು. ಎರಡು ಕಡ್ಡಿ ಸಿಗ್ನಲ್‌ನ ಫೋನ್ ಕರೆಯಲ್ಲಿ ಕೆಲಸ ಸಾಗಬೇಕು. ವಿಮ್ ಆದರೆ ಈಗ ಯಾವ ಮೋಡ್‌ನಲ್ಲಿದ್ದೀರಿ ಎಂದು ವಿಚಾರಿಸುವುದರಲ್ಲೇ ಕರೆ ಕಟ್ಟಾಗುತ್ತದೆ. ನ್ಯಾನೊದಲ್ಲಿ ಪರದೆಯ ಕೆಳಗಿನ ಎರಡು ಸಾಲಿನಲ್ಲಿ ಆಯ್ಕೆಗಳು ಬರೆದೇ ಇರುತ್ತವೆ; ಕಂಟ್ರೋಲ್ ಓ ಒತ್ತಿ ಎಂಟರ್ ಹೊಡೆಯಿರಿ, ಆಮೇಲೆ ಕಂಟ್ರೋಲ್ ಎಕ್ಸ್ ಎಂದರೆ ಮುಗಿಯಿತು. ಒಂದನ್ನು ಮಾತ್ರ ಮೊದಲೇ ಹೇಳಿಕೊಡಬೇಕು: ಆ ಸಾಲುಗಳಲ್ಲಿ ಅಕ್ಷರದ ಎಡಕ್ಕೆ ಕಾಣುವ ಟೋಪಿಯಂಥ ಗುರುತು ಕಂಟ್ರೋಲ್ ಕೀ ಎಂಬುದಕ್ಕೆ. ಗೊತ್ತಿಲ್ಲದವರು ಶಿಫ್ಟ್ ಹಿಡಿದು 6 ಒತ್ತುತ್ತಾರೆ, ಆ ಗುರುತೇ ಫೈಲಿಗೆ ಸೇರಿಕೊಳ್ಳುತ್ತದೆ. ಇನ್ನೊಂದು, 2024ರಲ್ಲಿ ಬಂದ ನ್ಯಾನೊ 8ರಿಂದ ಕಂಟ್ರೋಲ್ ಎಫ್ ಎಂದರೆ ಹುಡುಕಾಟ. ಅದಕ್ಕೂ ಹಿಂದಿನದರಲ್ಲಿ ಅದು ಕರ್ಸರ್ ಅನ್ನು ಒಂದು ಅಕ್ಷರ ಮುಂದಕ್ಕೆ ಸರಿಸುತ್ತಿತ್ತು. ಡೆಬಿಯನ್ 12ರಲ್ಲಿ ಹಳೆಯದು, 13ರಲ್ಲಿ ಹೊಸದು. ಗೋಡೆಗೆ ಅಂಟಿಸುವ ಚೀಟಿ ಬರೆಯುವವರು ಯಾವುದಕ್ಕೆ ಬರೆಯುತ್ತಿದ್ದೇವೆ ಎಂದು ನೋಡಿಕೊಂಡು ಬರೆಯಲಿ.

ಡೆಬಿಯನ್‌ನಲ್ಲಿ ಎಡಿಟರ್ ಎಂಬ ಸಾಮಾನ್ಯ ಹೆಸರಿನ ಹಿಂದೆ ಯಾವ ಪ್ರೋಗ್ರಾಂ ಇದೆ ಎಂಬುದನ್ನು ಅಪ್‌ಡೇಟ್-ಆಲ್ಟರ್ನೇಟಿವ್ಸ್ ನಿರ್ಧರಿಸುತ್ತದೆ. ಆದ್ಯತೆಯ ಅಂಕ ಹೆಚ್ಚಿರುವುದರಿಂದ ನ್ಯಾನೊ ಇದ್ದರೆ ಅದೇ ಗೆಲ್ಲುತ್ತದೆ. "ಯಾರೂ ಬಳಸುವುದಿಲ್ಲ" ಎಂದು ಯಾರಾದರೂ ನ್ಯಾನೊ ತೆಗೆದುಹಾಕಿದ ದಿನ ಆ ಹೆಸರು ಸದ್ದಿಲ್ಲದೆ ವಿಮ್ ಕಡೆಗೆ ಹೋಗುತ್ತದೆ, ಮುಂದೆ ವಿಸುಡೊ ತೆರೆದ ಗುಮಾಸ್ತರಿಗೆ ಕಾಣುವುದು ಅದೇ. ಇದನ್ನು ಅಂಕಕ್ಕೆ ಬಿಡದೆ ಕೈಯಿಂದ ನ್ಯಾನೊಗೆ ಗೊತ್ತುಮಾಡಿ. ವಿಮ್ ಬೇಕಾದ ಅಡ್ಮಿನ್ ತನ್ನ ಲಾಗಿನ್‌ನಲ್ಲಿ ಮಾತ್ರ ವಿಷುವಲ್ ಮತ್ತು ಎಡಿಟರ್ ಎಂಬ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ವಿಮ್‌ಗೆ ಇಟ್ಟುಕೊಂಡರೆ ಸಾಕು.

ನ್ಯಾನೊದಲ್ಲಿ ಎಚ್ಚರ ಇರಬೇಕಾದ ಜಾಗಗಳೂ ಇವೆ. 2019ರಲ್ಲಿ ಬಂದ 4.0ಕ್ಕಿಂತ ಹಿಂದಿನ ಆವೃತ್ತಿಗಳು ಉದ್ದದ ಸಾಲಿನಲ್ಲಿ ಟೈಪ್ ಮಾಡಿದರೆ ಆ ಸಾಲನ್ನು ತಾವಾಗಿಯೇ ಮುರಿದು ಎರಡು ಮಾಡುತ್ತಿದ್ದವು. ಕಾನ್ಫಿಗ್ ಫೈಲಿಗೆ ಅದು ವಿಷ. ಹಳೆಯ ಸರ್ವರ್ ಇನ್ನೂ ಓಡುತ್ತಿದ್ದರೆ ಡಬ್ಲ್ಯೂ ಆಯ್ಕೆ ಕೊಟ್ಟು ಇದನ್ನು ನಿಲ್ಲಿಸಿ. ಎರಡನೆಯದು ಟ್ಯಾಬ್. ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲ್ಯಾನ್‌ನಂಥ ಯಾಮಲ್ ಫೈಲಿನಲ್ಲಿ ಸಾಲಿನ ಶುರುವಿನ ಅಂತರಕ್ಕೆ ಟ್ಯಾಬ್ ನಿಷಿದ್ಧ, ಆದರೆ ನ್ಯಾನೊದಲ್ಲಿ ಟ್ಯಾಬ್ ಕೀ ಒತ್ತಿದರೆ ಟ್ಯಾಬೇ ಬೀಳುತ್ತದೆ. ನ್ಯಾನೊಆರ್‌ಸಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಟ್ಯಾಬ್ಸ್-ಟು-ಸ್ಪೇಸಸ್ ಮತ್ತು ಸಾಲಿನ ಸಂಖ್ಯೆ ತೋರಿಸುವ ಆಯ್ಕೆ, ಎರಡನ್ನೂ ಇಡೀ ಸಿಸ್ಟಂಗೆ ಹಾಕಿಬಿಡಿ. ಫೋನಿನಲ್ಲಿ "14ನೇ ಸಾಲು ನೋಡಿ" ಎನ್ನುವುದಕ್ಕೆ ಸಾಲಿನ ಸಂಖ್ಯೆಯಷ್ಟು ಉಪಕಾರಿ ಬೇರೊಂದಿಲ್ಲ. ಮೂರನೆಯದು ಸ್ವಲ್ಪ ಸೂಕ್ಷ್ಮ. ಎಸ್‌ಎಸ್‌ಎಚ್ ಸಂಪರ್ಕ (ಬೇರೆ ಕಂಪ್ಯೂಟರಿನಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಕಡಿದುಹೋದಾಗ ನ್ಯಾನೊ ತನ್ನ ಕೈಯಲ್ಲಿದ್ದದ್ದನ್ನು ಅದೇ ಡೈರೆಕ್ಟರಿಯಲ್ಲಿ ಅದೇ ಹೆಸರಿನ ಕೊನೆಗೆ ಡಾಟ್ ಸೇವ್ ಸೇರಿಸಿ ಬರೆದಿಡುತ್ತದೆ. ಒಳ್ಳೆಯದೇ. ಆದರೆ ವೆಬ್ ಸರ್ವರ್ ಪ್ರೋಗ್ರಾಂ ಆದ ಎಂಜಿನ್‌ಎಕ್ಸ್‌ನ ಸೈಟ್ಸ್-ಎನೇಬಲ್ಡ್ ಡೈರೆಕ್ಟರಿಯಲ್ಲಿ ಹೀಗಾದರೆ, ಅಲ್ಲಿನ ಎಲ್ಲ ಫೈಲುಗಳನ್ನೂ ಓದು ಎಂದು ಎಂಜಿನ್‌ಎಕ್ಸ್‌ಗೆ ಹೇಳಿರುವುದರಿಂದ, ಡಾಟ್ ಸೇವ್ ಫೈಲೂ ಒಳಗೆ ಬಂದು ಡೀಫಾಲ್ಟ್ ಸರ್ವರ್ ಎರಡು ಸಲ ಇದೆ ಎಂಬ ದೂರಿನೊಂದಿಗೆ ಮುಂದಿನ ರೀಸ್ಟಾರ್ಟ್ ನಿಂತುಹೋಗುತ್ತದೆ. ನೆಟ್ ಕಡಿಯುವ ಊರಿನಲ್ಲಿ ಇದು ಅಪರೂಪವಲ್ಲ. ಟರ್ಮಿನಲ್ಲನ್ನು ಸರ್ವರ್‌ನಲ್ಲೇ ಉಳಿಸಿಡುವ ಟಿಮಕ್ಸ್ ಪಟ್ಟಿಯಲ್ಲಿ ಇರಲೇಬೇಕು ಎನ್ನುವುದು ಈ ಕಾರಣಕ್ಕೆ: ಅದರೊಳಗೆ ಎಡಿಟರ್ ತೆರೆದಿದ್ದರೆ ಸಂಪರ್ಕ ಕಡಿದರೂ ಎಡಿಟರ್‌ಗೆ ಅದು ತಿಳಿಯುವುದೇ ಇಲ್ಲ, ಮತ್ತೆ ಲಾಗಿನ್ ಆಗಿ ಬಿಟ್ಟ ಜಾಗದಿಂದ ಮುಂದುವರಿಸಬಹುದು.

ಕರೆಂಟೇ ಹೋದರೆ? ನ್ಯಾನೊದಲ್ಲಿ ಸೇವ್ ಮಾಡದಿದ್ದದ್ದು ಹೋಯಿತು. ಇಲ್ಲಿ ವಿಮ್‌ನ ಬೆಲೆ ಗೊತ್ತಾಗುತ್ತದೆ. ಬರೆಯುತ್ತಿರುವುದನ್ನು ಅದು ಸ್ವಾಪ್ ಫೈಲಿಗೆ ಇಳಿಸುತ್ತಾ ಹೋಗುತ್ತದೆ, 200 ಅಕ್ಷರ ಟೈಪ್ ಆದಾಗಲೊಮ್ಮೆ ಅಥವಾ 4 ಸೆಕೆಂಡು ಕೈ ನಿಂತಾಗಲೊಮ್ಮೆ. ಯಂತ್ರ ಎದ್ದ ಮೇಲೆ ಆರ್ ಆಯ್ಕೆ ಕೊಟ್ಟು ಅದೇ ಫೈಲ್ ತೆರೆದರೆ ಬಹುಪಾಲು ವಾಪಸ್ ಸಿಗುತ್ತದೆ. ವಾಪಸ್ ಪಡೆದು ಸೇವ್ ಮಾಡಿದ ಮೇಲೆ ಸ್ವಾಪ್ ಫೈಲ್ ಅಳಿಸಬೇಕು, ಇಲ್ಲವಾದರೆ ಪ್ರತಿ ಸಲವೂ ಎಚ್ಚರಿಕೆ ಬಂದು ಹೊಸಬರು ಗಾಬರಿಯಾಗುತ್ತಾರೆ. ಸುಡೊಎಡಿಟ್ (ಅಡ್ಮಿನ್ ಅನುಮತಿ ಬೇಕಾದ ಫೈಲ್ ತಿದ್ದುವ ಕಮ್ಯಾಂಡ್) ಮೂಲಕ ತೆರೆದಿದ್ದರೆ ಆ ಸ್ವಾಪ್ ಫೈಲನ್ನು ಕಾನ್ಫಿಗ್ ಫೈಲುಗಳಿರುವ ಇಟಿಸಿ ಡೈರೆಕ್ಟರಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಸುಡೊಎಡಿಟ್ ಮೂಲ ಫೈಲಿನ ನಕಲನ್ನು ವಾರ್ ಕೆಳಗಿನ ಟಿಎಂಪಿ ಡೈರೆಕ್ಟರಿಯಲ್ಲಿ ಇಟ್ಟು ತಿದ್ದಲು ಕೊಡುತ್ತದೆ, ಸ್ವಾಪ್ ಫೈಲೂ ಅಲ್ಲೇ ಇರುತ್ತದೆ.

ಸುಡೊಎಡಿಟ್‌ನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಗುಮಾಸ್ತರಿಗೆ ಒಂದು ಫೈಲ್ ತಿದ್ದಲು ಅನುಮತಿ ಬೇಕು ಎಂದು ಸುಡೋಯರ್ಸ್ ಎಂಬ ಅನುಮತಿ ಫೈಲಿನಲ್ಲಿ ವಿಮ್ ಓಡಿಸುವ ಅನುಮತಿ ಕೊಟ್ಟರೆ, ಇಡೀ ಯಂತ್ರದ ಬೀಗದ ಕೈಯನ್ನೇ ಕೊಟ್ಟಂತಾಯಿತು. ವಿಮ್ ಒಳಗಿನಿಂದಲೇ ಪೂರ್ತಿ ಅಧಿಕಾರದ ರೂಟ್ ಶೆಲ್ ತೆರೆಯಬಹುದು. ಸುಡೊಎಡಿಟ್ ಎಂದು ಬರೆದು ಮುಂದೆ ಆ ಒಂದು ಫೈಲಿನ ಹೆಸರನ್ನಷ್ಟೇ ಕೊಡಿ. ಎಡಿಟರ್ ಅವರ ಸ್ವಂತ ಬಳಕೆದಾರ ಹೆಸರಿನಲ್ಲೇ ಓಡುತ್ತದೆ, ತಿದ್ದಿದ ನಕಲನ್ನು ಮಾತ್ರ ಸುಡೊ ವಾಪಸ್ ಇಡುತ್ತದೆ.

ಬೇರೆ ಎಡಿಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಮ್ಯಾಕ್ಸ್ ದೊಡ್ಡ ಲೋಕ, ಅದರಲ್ಲಿ ಬದುಕುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ಟ್ರ್ಯಾಂಪ್ ಮೂಲಕ ಸರ್ವರ್ ಫೈಲನ್ನು ತೆರೆಯಬಹುದು. ಸರ್ವರ್ ಇಮೇಜ್‌ಗೆ, ಅಂದರೆ ಸರ್ವರ್‌ಗೆ ಇಳಿಸಲು ಕಟ್ಟಿಡುವ ಸಿದ್ಧ ಪ್ರತಿಗೆ, ಅದು ಬೇಡ. ಮೈಕ್ರೊ ಎಂಬುದು ಕಂಟ್ರೋಲ್ ಎಸ್‌ನಲ್ಲಿ ಸೇವ್, ಕಂಟ್ರೋಲ್ ಸಿ-ಯಲ್ಲಿ ಕಾಪಿ ಆಗುವ ಒಳ್ಳೆಯ ಎಡಿಟರ್, ವಿಂಡೋಸ್ ಅಭ್ಯಾಸದ ಕೈಗೆ ನ್ಯಾನೊಗಿಂತ ಸಲೀಸು. ಮೂರನೆಯದಾಗಿ ಬೇಕಾದರೆ ಅದು. ಆಲ್ಪೈನ್ ಎಂಬ ಹಗುರ ಲಿನಕ್ಸ್ ಬಳಸುವವರಿಗೆ ಶುರುವಿನಲ್ಲಿ ಸಿಗುವುದು ಬಿಸಿಬಾಕ್ಸ್‌ನ ಪುಟ್ಟ ವಿಐ ಒಂದೇ, ನ್ಯಾನೊವನ್ನು ಕೈಯಾರೆ ಸೇರಿಸಬೇಕು. ವಿಮ್ ಹಾಕುವವರು ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ಮೊದಲನೆಯದು ಮೋಡ್‌ಲೈನ್: ಫೈಲಿನೊಳಗೇ ಎಡಿಟರ್‌ಗೆ ಸೂಚನೆ ಬರೆಯುವ ಈ ಸೌಲಭ್ಯದಲ್ಲಿ 2019ರಲ್ಲಿ ಒಂದು ರಂಧ್ರ ಸಿಕ್ಕಿತ್ತು, ಫೈಲ್ ತೆರೆದ ಮಾತ್ರಕ್ಕೆ ಕಮ್ಯಾಂಡ್ ಓಡುತ್ತಿತ್ತು. ಡೆಬಿಯನ್ ಅದನ್ನು ಆಫ್ ಇಟ್ಟೇ ಕೊಡುತ್ತದೆ, ಹಾಗೆಯೇ ಇರಲಿ. ಎರಡನೆಯದು ಮೌಸ್. ವಿಮ್ ಮೌಸನ್ನು ತಾನೇ ಹಿಡಿದುಕೊಳ್ಳುವುದರಿಂದ ಟರ್ಮಿನಲ್‌ನಲ್ಲಿ ಬಲ ಕ್ಲಿಕ್ ಮಾಡಿ ಪೇಸ್ಟ್ ಮಾಡಲು ಆಗುವುದಿಲ್ಲ. ಸಿಸ್ಟಂ ಮಟ್ಟದ ವಿಮ್‌ಆರ್‌ಸಿ ಲೋಕಲ್ ಫೈಲಿನಲ್ಲಿ ಡೀಫಾಲ್ಟ್ಸ್ ಫೈಲ್ ಓದಬೇಡ ಎಂದು ಬರೆದು ಮೌಸ್ ಆಯ್ಕೆ ಖಾಲಿ ಬಿಡಿ.

ಈಗ ಕನ್ನಡದ ಸಂಗತಿ. ಹೊರಗಿನ ಯಾವ ಪಟ್ಟಿಯಲ್ಲೂ ಇದು ಇರುವುದಿಲ್ಲ, ಇಲ್ಲಿ ಇದಿಲ್ಲದೆ ನಡೆಯುವುದಿಲ್ಲ.

ಸದಸ್ಯರ ಹೆಸರು, ಊರು, ರಸೀದಿ ಎಲ್ಲ ಕನ್ನಡದಲ್ಲಿರುವ ಸರ್ವರ್‌ಗೆ ಮೊದಲು ಬೇಕಾದದ್ದು ಯುಟಿಎಫ್-8 ಲೊಕೇಲ್, ಅಂದರೆ ಯುನಿಕೋಡ್ ಅಕ್ಷರಗಳನ್ನು ಓದಬಲ್ಲ ಭಾಷಾ ಸೆಟ್ಟಿಂಗ್. ಕನಿಷ್ಠ ಇನ್‌ಸ್ಟಾಲ್‌ಗಳಲ್ಲಿ ಲೊಕೇಲ್ ಪಾಸಿಕ್ಸ್ ಎಂದೇ ಉಳಿದುಬಿಡುವುದುಂಟು. ಆಗ ಕನ್ನಡ ಫೈಲ್ ತೆರೆದರೆ ಬರೀ ಕಸ ಕಾಣುತ್ತದೆ, ಫೈಲ್ ಕೆಟ್ಟಿದೆ ಎಂದು ತಪ್ಪು ತಿಳಿದು ಅದರ ಮೇಲೇ ಮತ್ತೇನೋ ಬರೆಯುವ ಅಪಾಯ ಇದೆ. ಸಿ ಡಾಟ್ ಯುಟಿಎಫ್-8 ಸಾಕು. ಸಿಸ್ಟಂನ ಸಂದೇಶಗಳು ಇಂಗ್ಲಿಷಿನಲ್ಲೇ ಇರಲಿ, ದೋಷದ ಸಾಲನ್ನು ಫೋನಿನಲ್ಲಿ ಓದಿ ಹೇಳಲು, ಆಮೇಲೆ ಹುಡುಕಲು ಅದೇ ಅನುಕೂಲ. ಸರ್ವರ್‌ನ ಸ್ವಂತ ಕಪ್ಪು ಪರದೆ, ಅಂದರೆ ಮಾನಿಟರ್ ನೇರ ಚುಚ್ಚಿದ ಕನ್ಸೋಲ್, ಕನ್ನಡ ತೋರಿಸುವುದಿಲ್ಲ. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಒತ್ತಕ್ಷರ ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ಕನ್ನಡ ಫೈಲ್ ತಿದ್ದುವುದಿದ್ದರೆ ಲ್ಯಾನ್‌ನಲ್ಲಿರುವ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮಾಡಿಯೇ ತಿದ್ದಿ. ಅಲ್ಲೂ ಒತ್ತಕ್ಷರ ಇರುವ ಸಾಲಿನಲ್ಲಿ ಕರ್ಸರ್ ಒಂದೆರಡು ಮನೆ ಆಚೀಚೆ ಕಾಣಬಹುದು.

ಎರಡನೆಯದು ಫಾಂಟ್. "ಸರ್ವರ್‌ಗೆ ಯಾಕೆ ಫಾಂಟ್" ಎಂದು ಎಲ್ಲರೂ ಬಿಡುತ್ತಾರೆ. ರಸೀದಿ ಪಿಡಿಎಫ್ ಆಗುವುದು ಸರ್ವರ್‌ನಲ್ಲೇ, ಅಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಡೆಬಿಯನ್‌ನಲ್ಲಿ ಕನ್ನಡದ ಮೆಟಾ ಪ್ಯಾಕೇಜ್ ಒಂದೇ ಹಾಕಿದರೂ ಲೋಹಿತ್ ಕನ್ನಡ, ನವಿಲು ಎರಡೂ ಬರುತ್ತವೆ. ಎಫ್‌ಸಿ-ಲಿಸ್ಟ್‌ಗೆ ಕನ್ನಡದ ಭಾಷಾ ಸಂಕೇತ ಕೊಟ್ಟು ಸರ್ವರ್‌ಗೆ ಅವು ಕಾಣುತ್ತಿವೆಯೇ ನೋಡಿ. ಫಾಂಟ್ ಇದ್ದೂ ಒತ್ತಕ್ಷರ ಪಕ್ಕಕ್ಕೆ ಬಿದ್ದು "ಅಯ್ಯಪ್ಪ" ಎಂಬುದು ಒಡೆದು ಬಂದರೆ ತಪ್ಪು ಫಾಂಟಿನದಲ್ಲ. ಪಿಡಿಎಫ್ ಮಾಡುವ ಲೈಬ್ರರಿಗೆ ಅಕ್ಷರ ಜೋಡಣೆ ಗೊತ್ತಿಲ್ಲ. ಅಕ್ಷರ ಜೋಡಿಸಬಲ್ಲ ಹಾರ್ಫ್‌ಬಝ್ ಬಳಸುವ ದಾರಿಗೆ ಬದಲಾಯಿಸಬೇಕು, ಉದಾಹರಣೆಗೆ ಲಿಬ್ರೆಆಫೀಸ್ ಅನ್ನು ಪರದೆ ಇಲ್ಲದೆ ಓಡಿಸುವುದು. ಅದು ಭಾರಿ ಪ್ಯಾಕೇಜ್, ಆದರೆ ಸದಸ್ಯರ ಹೆಸರು ಸರಿಯಾಗಿ ಅಚ್ಚಾಗುವುದು ಇಲ್ಲಿ ಸೌಂದರ್ಯದ ವಿಷಯವಲ್ಲ, ದಾಖಲೆಯ ವಿಷಯ.

ಮೂರನೆಯದು ಹುಡುಕಾಟ, ಇದರಲ್ಲಿ ಎಡಿಟರ್ ಆಯ್ಕೆಯೂ ಸೇರಿದೆ. "ಕೊಡಗು" ಎಂಬ ಪದವನ್ನೇ ನೋಡಿ. ಅದರ ಮೊದಲಕ್ಷರದ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಕಮ್ಯಾಂಡ್ ಆದ ಗ್ರೆಪ್‌ಗೆ ಎರಡೂ ಬೇರೆ ಬೇರೆ. ಕೊಡವ, ಕೊಡ್ಲಿಪೇಟೆ, ಪೊನ್ನಂಪೇಟೆ ಎಲ್ಲದರಲ್ಲೂ ಇದೇ ಪಾಡು. ಐಸಿಯು ಡೆವ್‌ಟೂಲ್ಸ್ ಪ್ಯಾಕೇಜಿನಲ್ಲಿರುವ ಯುಕಾನ್ವ್ ಎಂಬ ಸಣ್ಣ ಪ್ರೋಗ್ರಾಂಗೆ ಎನ್‌ಎಫ್‌ಸಿ ರೂಪಕ್ಕೆ ತಾ ಎಂದರೆ ಎಲ್ಲವನ್ನೂ ಒಂದೇ ಬಗೆಗೆ ತರುತ್ತದೆ. ಪಟ್ಟಿಯನ್ನು ಡೇಟಾಬೇಸಿಗೆ ಸೇರಿಸುವ ಮುಂಚೆ ಅದರ ಮೂಲಕ ಹಾಯಿಸಿ. ಎನ್‌ಎಫ್‌ಸಿಗೂ ಬಗ್ಗದ್ದು ಇನ್ನೊಂದಿದೆ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ. ಅರ್ಧಾಕ್ಷರದ ನಂತರದ ಅಕ್ಷರ ಒತ್ತಾಗದೆ ಬಿಡಿಯಾಗಿ ನಿಲ್ಲಲು ಟೈಪ್ ಮಾಡುವವರು ಹಾಕುವ ಗುರುತು ಅದು. ಹೆಸರಿನ ಕೊನೆಯಲ್ಲಿ ಅದು ಸುಮ್ಮನೆ ಉಳಿದುಕೊಂಡರೆ ಒಬ್ಬರೇ ಸದಸ್ಯರು ಪಟ್ಟಿಯಲ್ಲಿ ಇಬ್ಬರಾಗುತ್ತಾರೆ. ನ್ಯಾನೊದಲ್ಲಿ ಅದು ಕಾಣುವುದಿಲ್ಲ. ವಿಮ್ ಅದನ್ನು ಕೋನಾವರಣದಲ್ಲಿ 200ಸಿ ಎಂಬ ಸಂಖ್ಯೆಯಾಗಿ ತೋರಿಸುತ್ತದೆ. ಯಾವುದೇ ಅಕ್ಷರದ ಮೇಲೆ ಕರ್ಸರ್ ಇಟ್ಟು ಜಿ, ಎ ಒತ್ತಿದರೆ ಅದರ ಯುನಿಕೋಡ್ ಸಂಖ್ಯೆಯನ್ನೂ ಹೇಳುತ್ತದೆ. ಕನ್ನಡ ದತ್ತಾಂಶ ಇರುವ ಸರ್ವರ್‌ಗೆ ಪೂರ್ತಿ ವಿಮ್ ಹಾಕಲು ಇದೊಂದೇ ಕಾರಣವಾದರೂ ಸಾಕಿತ್ತು.

ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದ, ಯುನಿಕೋಡ್ ಅಲ್ಲದ ಕಡತಗಳಿದ್ದರೆ ಯಾವ ಎಡಿಟರೂ ಸಹಾಯಕ್ಕೆ ಬರುವುದಿಲ್ಲ, ಅಕ್ಷರ ಸಂಕೇತ ಬದಲಿಸುವ ಐಕಾನ್ವ್ ಕೂಡ ಬರುವುದಿಲ್ಲ, ಯಾಕೆಂದರೆ ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲೇ ಹೊರತು ಪಠ್ಯದಲ್ಲಲ್ಲ. ಪರಿವರ್ತಕ ಪ್ರೋಗ್ರಾಂ ಒಂದನ್ನು ಬೇಸಿಗೆಯಲ್ಲೇ ಓಡಿಸಿ ಮುಗಿಸಿ.

ನೆಟ್‌ವರ್ಕ್ ಪ್ಯಾಕೇಜುಗಳಲ್ಲಿ ಎಲ್ಲರೂ ನೆನಪಿಡುವುದು ಕರ್ಲ್, ಆರ್‌ಸಿಂಕ್, ಡಿಗ್, ಎಂಟಿಆರ್, ಟಿಸಿಪಿಡಂಪ್. ಮರೆಯುವುದು ಎತ್‌ಟೂಲ್ ಮತ್ತು ಡಿಎಚ್‌ಸಿಪಿ ಕ್ಲೈಂಟ್. ಮಳೆಗಾಲದ ತೇವಕ್ಕೆ ಆರ್‌ಜೆ-45 ಕನೆಕ್ಟರಿನ ಪಿನ್ ಹಸಿರುಗಟ್ಟುತ್ತದೆ. ಗಿಗಾಬಿಟ್‌ಗೆ ಕೇಬಲಿನ ನಾಲ್ಕು ಜೋಡಿ ತಂತಿಯೂ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಉಳಿದೆರಡರಲ್ಲಿ ಒಂದು ಜೋಡಿ ಸೋತರೆ ಲಿಂಕ್ ಕಡಿಯದೆ ಸಾಮಾನ್ಯವಾಗಿ 100ಕ್ಕೆ ಇಳಿದು ಕೂರುತ್ತದೆ, "ಸರ್ವರ್ ನಿಧಾನ" ಎಂಬ ದೂರು ಬರುತ್ತದೆ. ಎತ್‌ಟೂಲ್ ಒಂದೇ ಸಾಲಿನಲ್ಲಿ ವೇಗ ಹೇಳಿಬಿಡುತ್ತದೆ, ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ) ಎಣಿಕೆಯನ್ನೂ ಕೊಡುತ್ತದೆ. ಸರ್ವರನ್ನೇ ಬಿಚ್ಚಿ ನೋಡುವ ಮುಂಚೆ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಬಹುದು.

ಡಿಎಚ್‌ಸಿಪಿ ಕ್ಲೈಂಟ್ ಬೇಕಾಗುವುದು ಫೈಬರ್ ಹರಿದ ದಿನ. ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಸರ್ವರ್‌ಗೆ ಚುಚ್ಚಿ ಟೆದರಿಂಗ್ ಒತ್ತಿದರೆ ಹೊಸ ನೆಟ್‌ವರ್ಕ್ ಇಂಟರ್ಫೇಸ್ ಒಂದು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಐಪಿ ವಿಳಾಸ ಬೇಡಲು ಕ್ಲೈಂಟ್ ಬೇಕೇ ಬೇಕು. ಸ್ಥಿರ ಐಪಿ ಕೊಟ್ಟ ಸರ್ವರ್‌ನಲ್ಲಿ "ಇದ್ಯಾಕೆ" ಎಂದು ತೆಗೆದುಹಾಕಿದವರು ಆ ದಿನ ಸಿಕ್ಕಿಬೀಳುತ್ತಾರೆ. ಡೆಬಿಯನ್ 12ರಲ್ಲಿ ಐಎಸ್‌ಸಿಯ ಡಿಎಚ್‌ಕ್ಲೈಂಟ್ ಇತ್ತು, 13ರಲ್ಲಿ ಅದರ ಜಾಗಕ್ಕೆ ಡಿಎಚ್‌ಸಿಪಿಸಿಡಿ ಬಂದಿದೆ. ಚೀಟಿಯಲ್ಲಿ ಕಮ್ಯಾಂಡ್ ಹೆಸರು ಅದಕ್ಕೆ ತಕ್ಕಂತೆ ಇರಲಿ. ಡಾಂಗಲ್ ಬಳಸುವುದಿದ್ದರೆ ಯುಎಸ್‌ಬಿ-ಮೋಡ್‌ಸ್ವಿಚ್, ಮೋಡೆಮ್ ಮ್ಯಾನೇಜರ್ ಎರಡೂ ಸೇರಲಿ. ವೈಫೈ ಚಿಪ್‌ಗೆ, ರಿಯಲ್‌ಟೆಕ್ ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ, ಆದರೆ ಅದು ಹಾಕುವುದು ಆ ಹೊತ್ತಿಗೆ ಯಂತ್ರದಲ್ಲಿ ಕಂಡ ಹಾರ್ಡ್‌ವೇರ್‌ಗೆ ಮಾತ್ರ. ನಾಳೆ ಚುಚ್ಚಬೇಕಾಗಿ ಬರುವ ಡಾಂಗಲನ್ನು ಇವತ್ತೇ ಚುಚ್ಚಿ ನೋಡಬೇಕು. ಕ್ಲೌಡ್ ಇಮೇಜನ್ನು ಹಾಗೆಯೇ ನಿಜ ಯಂತ್ರಕ್ಕೆ ಇಳಿಸುವವರಿಗೆ ಇನ್ನೊಂದು ಮಾತು: ಕ್ಲೌಡ್ ಹೆಸರಿನ ಕರ್ನಲ್‌ನಲ್ಲಿ ಇಂಥ ಹಾರ್ಡ್‌ವೇರ್‌ನ ಎಷ್ಟೋ ಡ್ರೈವರ್ ಇರುವುದೇ ಇಲ್ಲ. ಸಾಮಾನ್ಯ ಎಎಂಡಿ64 ಕರ್ನಲ್ ಹಾಕಿ.

ಕರೆಂಟಿನ ಕಡೆಗೆ ನಟ್, ಅಂದರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಯುಪಿಎಸ್ ಬ್ಯಾಟರಿ ಮುಗಿಯುವ ಮುಂಚೆ ಸರ್ವರನ್ನು ಸರಿಯಾಗಿ ಇಳಿಸುವುದು ಇದರ ಕೆಲಸ. ಒಳ್ಳೆಯ ಯುಪಿಎಸ್‌ಗಳಿಗೆ ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರ್, ಅಗ್ಗದ ಹಲವಕ್ಕೆ ನಟ್‌ಡಿಆರ್‌ವಿ-ಕ್ಯೂಎಕ್ಸ್. ನಟ್-ಸ್ಕ್ಯಾನರ್ ಓಡಿಸಿದರೆ ಯಾವುದೆಂದು ಬಹುತೇಕ ಗೊತ್ತಾಗುತ್ತದೆ. ಯುಎಸ್‌ಬಿ ಕಿಂಡಿಯೇ ಇಲ್ಲದ 600 ವಿಎ ಪೆಟ್ಟಿಗೆಗೆ ಯಾವ ಪ್ಯಾಕೇಜೂ ಮದ್ದಲ್ಲ, ಕೊಳ್ಳುವಾಗಲೇ ಹಿಂಬದಿ ನೋಡಿ. ಸಣ್ಣ ಆಫೀಸಿಗೆ ಬ್ಯಾಟರಿ ಗಟ್ಟಿ ಇರುವ ಹಳೆಯ ಲ್ಯಾಪ್‌ಟಾಪೇ ಒಳ್ಳೆಯ ಸರ್ವರ್. ಅದರಲ್ಲಿ ಇನ್ನೂ ಒಂದು ಲಾಭ: ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ಗೆ ಕರೆಂಟ್ ಇದ್ದಾಗ ಮಾತ್ರ ಅಪ್‌ಗ್ರೇಡ್ ಮಾಡು ಎಂಬ ಆಯ್ಕೆ ಇದೆ, ಪವರ್‌ಮ್ಯಾನೇಜ್‌ಮೆಂಟ್-ಬೇಸ್ ಪ್ಯಾಕೇಜ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಅದು ನಿಜವಾಗಿ ಕೆಲಸ ಮಾಡುತ್ತದೆ. ಕರ್ನಲ್ ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿ ಯಂತ್ರ ಏಳಲು ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಅರ್ಧ ಬರೆದು ನಿಲ್ಲುವುದು ಅತ್ಯಂತ ಕೆಟ್ಟ ಸ್ಥಿತಿ. ಗ್ರಬ್ ಮೆನುವಿನಿಂದ ಹಿಂದಿನ ಕರ್ನಲ್ ಆರಿಸಿ ಎಬ್ಬಿಸಿ, ಪ್ಯಾಕೇಜ್ ಹಾಕುವ ಡಿಪಿಕೆಜಿಗೆ ಬಾಕಿ ಉಳಿದ ಎಲ್ಲವನ್ನೂ ಕಾನ್ಫಿಗರ್ ಮಾಡು ಎಂದು ಹೇಳಬೇಕು. ಹಿಂದಿನ ಕರ್ನಲನ್ನು ಜಾಗ ಉಳಿಸಲು ಯಾರೂ ತೆಗೆಯಬೇಡಿ.

ಗಡಿಯಾರವನ್ನು ಸಮಯ ಹೊಂದಿಸುವ ಕ್ರೋನಿ ಎಂಬ ಪ್ರೋಗ್ರಾಂಗೆ ಒಪ್ಪಿಸಿ, ಸಂಪರ್ಕ ಬಂದು ಹೋಗುವ ಕಡೆ ಅದು ಚೆನ್ನಾಗಿ ನಿಭಾಯಿಸುತ್ತದೆ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಯಂತ್ರ ಹಳೆಯ ತಾರೀಖಿನಲ್ಲಿ ಏಳುತ್ತದೆ, ಆಗ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್‌ಗಳೂ ಪ್ಯಾಕೇಜ್ ಇಳಿಸುವ ಆಪ್ಟ್‌ನ ರಿಲೀಸ್ ಫೈಲೂ "ಇನ್ನೂ ಜಾರಿಗೆ ಬಂದಿಲ್ಲ" ಎಂದು ತಿರಸ್ಕಾರಗೊಳ್ಳುತ್ತವೆ. ನೆಟ್‌ನ ತೊಂದರೆ ಎಂದು ಗಂಟೆಗಟ್ಟಲೆ ಹುಡುಕುವ ಮುಂಚೆ ತಾರೀಖು ನೋಡಿ.

ಮ್ಯಾನುವಲ್ ಪುಟಗಳನ್ನು ಕನಿಷ್ಠ ಇಮೇಜ್‌ಗಳಲ್ಲಿ ಉಜ್ಜಿಹಾಕಿರುತ್ತಾರೆ. ನೆಟ್ ಇಲ್ಲದ ದಿನ ಹುಡುಕಲು ಗೂಗಲ್ ಇಲ್ಲ. ಮ್ಯಾನ್-ಡಿಬಿ, ಮ್ಯಾನ್‌ಪೇಜಸ್, ಜೊತೆಗೆ ಡೆಬಿಯನ್-ಹ್ಯಾಂಡ್‌ಬುಕ್ ಪ್ಯಾಕೇಜ್ ಇರಲಿ. ಇಟಿಸಿಕೀಪರ್ ಕೂಡ ತಪ್ಪಿಸಬಾರದ್ದು. ಇಟಿಸಿ ಡೈರೆಕ್ಟರಿಯನ್ನು ಅದು ಗಿಟ್‌ನಲ್ಲಿಟ್ಟು ದಿನಕ್ಕೊಮ್ಮೆ, ಮತ್ತು ಪ್ಯಾಕೇಜ್ ಹಾಕುವ ಮುಂಚೆ, ಹಾಕಿದ ಮೇಲೆ ದಾಖಲಿಸುತ್ತದೆ. ನಿನ್ನೆಯವರೆಗೆ ಸರಿ ಇದ್ದದ್ದು ಇವತ್ತು ಏನು ಬದಲಾಯಿತು ಎಂಬುದಕ್ಕೆ ಉತ್ತರ ಸ್ಥಳದಲ್ಲೇ ಸಿಗುತ್ತದೆ. ಡಿಸ್ಕ್‌ಗೆ ಸ್ಮಾರ್ಟ್‌ಮಾನ್‌ಟೂಲ್ಸ್, ಸಾಯುತ್ತಿರುವ ಡಿಸ್ಕಿನಿಂದ ಎತ್ತಲು ಜಿಡಿಡಿರೆಸ್ಕ್ಯೂ, ಲೈಬ್ರರಿಗಳೇ ಕೆಟ್ಟ ದಿನಕ್ಕೆ ಬಿಸಿಬಾಕ್ಸ್-ಸ್ಟ್ಯಾಟಿಕ್.

ಇಷ್ಟು ಸೇರಿಸಿದ ಮೇಲೆ ತೆಗೆಯುವ ಕೆಲಸ. ಸಲಹೆಯ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಪ್ರೋಗ್ರಾಂನ 5.6.0 ಮತ್ತು 5.6.1ರಲ್ಲಿ ಸಿಕ್ಕ ಹಿಂಬಾಗಿಲು ಎಸ್‌ಎಸ್‌ಎಚ್ ಸರ್ವರ್‌ಗೆ ತಲುಪಿದ್ದು ನೇರವಾಗಿ ಅಲ್ಲ, ಲಿಬ್‌ಸಿಸ್ಟಂಡಿ ಎಳೆದುತಂದ ಲೈಬ್ರರಿಯ ಮೂಲಕ. ಒಂದು ಪ್ಯಾಕೇಜ್ ಎಂದರೆ ಅದರ ಹಿಂದೆ ಬರುವ ಬಳಗವೂ ಸೇರಿ. ಆಪ್ಟ್ ಶಿಫಾರಸು ಪ್ಯಾಕೇಜುಗಳನ್ನು ತಾನಾಗಿ ಎಳೆಯದಂತೆ ಕಾನ್ಫಿಗ್‌ನಲ್ಲೇ ನಿಲ್ಲಿಸಿ, ಬೇಕಾದ್ದನ್ನು ಹೆಸರು ಹಿಡಿದು ಹಾಕಿ. ಆಪ್ಟ್-ಮಾರ್ಕ್ ತೋರಿಸುವ ಕೈಯಾರೆ ಹಾಕಿದವುಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಒಂದು ಕಾರಣ ಬರೆಯಲು ಆಗಬೇಕು. ಡೆಸ್ಕ್‌ಟಾಪ್, ಬ್ಲೂಟೂತ್, ಲ್ಯಾನ್‌ನಲ್ಲಿ ಬೇರೆ ಯಂತ್ರ ಹುಡುಕುವ ಅವಾಹಿ ಹೋಗಲಿ. ಪ್ರಿಂಟರ್ ಇಲ್ಲದಿದ್ದರೆ ಕಪ್ಸ್ ಹೋಗಲಿ. ಉಬುಂಟುವಿನ ಸ್ನ್ಯಾಪ್ ಎಂಬ ಪ್ಯಾಕೇಜ್ ವ್ಯವಸ್ಥೆ ದಿನಕ್ಕೆ ನಾಲ್ಕು ಸಲ ಅಪ್‌ಡೇಟ್ ಹುಡುಕುತ್ತದೆ, 4ಜಿ ಡೇಟಾದ ಮೇಲೆ ಓಡುವ ದಿನ ಅದು ಭಾರ. ರಿಫ್ರೆಶ್ ತಡೆಹಿಡಿಯಿರಿ ಅಥವಾ ಸ್ನ್ಯಾಪನ್ನೇ ತೆಗೆಯಿರಿ. ಕಂಪೈಲರ್ ಬೇಡ ಎನ್ನುವ ಸಲಹೆಯನ್ನು ಮಾತ್ರ ನೋಡಿ ಪಾಲಿಸಿ: ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಡಿಕೆಎಂಎಸ್‌ನಲ್ಲಿದ್ದರೆ (ಯಂತ್ರದಲ್ಲೇ ಕಂಪೈಲ್ ಆಗುವ ವ್ಯವಸ್ಥೆ) ಕರ್ನಲ್ ಬದಲಾದಾಗಲೆಲ್ಲ ಜಿಸಿಸಿ ಕಂಪೈಲರ್ ಮತ್ತು ಕರ್ನಲ್ ಹೆಡರ್‌ಗಳು ಬೇಕು, ಇಲ್ಲವಾದರೆ ರೀಬೂಟ್ ಆದ ಮೇಲೆ ನೆಟ್‌ವರ್ಕೇ ಇರುವುದಿಲ್ಲ.

ಇಮೇಜ್‌ಗೆ ಸೇರಿಸದ್ದನ್ನು ಪಕ್ಕದಲ್ಲಾದರೂ ಇಟ್ಟುಕೊಳ್ಳಬಹುದು. ಹಲವು ಯಂತ್ರ ಇರುವ ಕಡೆ ಆಪ್ಟ್-ಕ್ಯಾಚರ್-ಎನ್‌ಜಿ ಒಂದು ಯಂತ್ರದಲ್ಲಿ 3142ನೇ ಪೋರ್ಟಿನಲ್ಲಿ ಓಡಲಿ, ಒಬ್ಬರು ಇಳಿಸಿದ್ದು ಎಲ್ಲರಿಗೂ ಸಿಗುತ್ತದೆ. ಒಂದೇ ಯಂತ್ರವಾದರೆ ಡೆಬ್ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ, ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್‌ನಿಂದ ಸೂಚಿ ಮಾಡಿಸಿ, ಆ ಫೋಲ್ಡರನ್ನೇ ಆಪ್ಟ್ ಮೂಲವಾಗಿ ಸೇರಿಸಿ. ಇಲ್ಲಿ ಎರಡು ಕಡೆ ಮುಗ್ಗರಿಸುತ್ತಾರೆ. ಆಪ್ಟ್ ಎಂಬ ಹೊಸ ಕಮ್ಯಾಂಡ್ ಇನ್‌ಸ್ಟಾಲ್ ಆದ ಕೂಡಲೇ ಇಳಿಸಿದ ಡೆಬ್ ಫೈಲನ್ನು ಅಳಿಸುತ್ತದೆ, ಹಳೆಯ ಆಪ್ಟ್-ಗೆಟ್ ಅಳಿಸುವುದಿಲ್ಲ. ಉಳಿಸಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ. ಇನ್ನೊಂದು, ಡೆಬಿಯನ್‌ನ ಸೆಕ್ಯುರಿಟಿ ಮತ್ತು ಅಪ್‌ಡೇಟ್ಸ್ ವಿಭಾಗಗಳ ರಿಲೀಸ್ ಫೈಲಿಗೆ ಸುಮಾರು ಒಂದು ವಾರದ ಅವಧಿ ಮಾತ್ರ. ಮೇ ತಿಂಗಳಲ್ಲಿ ತಂದಿಟ್ಟ ಮಿರರನ್ನು (ಪ್ಯಾಕೇಜ್ ಭಂಡಾರದ ನಕಲನ್ನು) ಜುಲೈನಲ್ಲಿ ಆಪ್ಟ್ ಅವಧಿ ಮುಗಿದಿದೆ ಎಂದು ನಿರಾಕರಿಸುತ್ತದೆ. ಚೆಕ್-ವ್ಯಾಲಿಡ್-ಅಂಟಿಲ್ ಎಂಬುದನ್ನು ಆ ಒಂದು ಮೂಲಕ್ಕೆ ಮಾತ್ರ ಆಫ್ ಮಾಡಿ, ಇಡೀ ಸಿಸ್ಟಂಗೆ ಮಾಡಬೇಡಿ. ಲೈನ್ ತುಂಬ ದಿನ ಬಾರದಿದ್ದರೆ ಆಪ್ಟ್-ಆಫ್‌ಲೈನ್ ಇದೆ: ಸರ್ವರ್‌ನಲ್ಲಿ ಬೇಕಾದುದರ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಬರೆದು, ಕುಶಾಲನಗರದಲ್ಲೋ ಮೈಸೂರಿನಲ್ಲೋ ನೆಟ್ ಇರುವ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂನಿಂದ ಇಳಿಸಿ, ವಾಪಸ್ ತಂದು ಹಾಕುವುದು. ಆ ಪ್ಯಾಕೇಜ್ ಮಾತ್ರ ಮೊದಲೇ ಸರ್ವರ್‌ನಲ್ಲಿ ಇರಬೇಕು.

ಪಟ್ಟಿ ಸರಿ ಇದೆಯೇ ಎಂದು ಮೇ ತಿಂಗಳಲ್ಲಿ ನೋಡಿಬಿಡಿ. ರೂಟರಿನಿಂದ ಹೊರಗಿನ ಕೇಬಲ್ ಕೀಳಿ, ಸರ್ವರನ್ನು ರೀಬೂಟ್ ಮಾಡಿ, ಅಡ್ಮಿನ್ ಮುಟ್ಟದೆ ಆಫೀಸಿನವರಿಂದಲೇ ನಾಲ್ಕು ಕೆಲಸ ಮಾಡಿಸಿ: ಒಂದು ಕಾನ್ಫಿಗ್ ಸಾಲು ತಿದ್ದಿ ಸೇವ್ ಮಾಡುವುದು, ಫೋನ್ ಟೆದರಿಂಗ್‌ನಿಂದ ನೆಟ್ ತರುವುದು, ನಿನ್ನೆಯ ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತೆಗೆಯುವುದು, ಒತ್ತಕ್ಷರ ಇರುವ ಹೆಸರಿಗೆ ಒಂದು ರಸೀದಿ ಅಚ್ಚು ಹಾಕುವುದು. ಎಲ್ಲಿ ಕೈ ನಿಂತಿತೋ ಅಲ್ಲಿಗೆ ಬೇಕಾದ ಪ್ಯಾಕೇಜನ್ನು ಪಟ್ಟಿಗೆ ಸೇರಿಸಿ, ಚೀಟಿಯಲ್ಲಿ ಆ ಹೆಜ್ಜೆ ಬರೆದು, ಇಮೇಜನ್ನು ಜೂನ್ ಒಂದರೊಳಗೆ ಮತ್ತೆ ಕಟ್ಟಿ ಪೆನ್‌ಡ್ರೈವ್‌ನಲ್ಲಿ ಸರ್ವರ್ ಪಕ್ಕದ ಬೀರುವಿನಲ್ಲಿಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿಯಲ್ಲಿ.